ಎಂಜಿನ್ ಹಿತ್ತಿಲಿಗೆ ಬಂದ ಮಾಗಿ

ಮೊನ್ನೆ ಆಯುಧಪೂಜೆಯ ಸಾಮಾನು ತರಲು ಹಲಗೂರಿಗೆ ಹೋಗಿದ್ದೆ. ಗ್ರಂಧಿಗೆ ಅಂಗಡಿಯ ಮುಂದೆ ನಿಂತು ಅರಿಸಿನದ ಕೊಂಬು ಆರಿಸುತ್ತಿದ್ದೆ. ಪಕ್ಕದಲ್ಲೇ ಟ್ರ್ಯಾಕ್ಟರ್ ರಿಪೇರಿ ಮಾಡುವವರು ಗೇರುಬಾಕ್ಸಿನ ಹಳೆಯ ಆಯಿಲನ್ನು ತಗಡಿನ ಡಬ್ಬಕ್ಕೆ ಬಸಿಯುತ್ತಿದ್ದರು. ಅದರ ವಾಸನೆ ಗೊತ್ತಿದ್ದವರಿಗೆ ಗೊತ್ತು. ಸೀದ ಬೆಳ್ಳುಳ್ಳಿಯ ಹಾಗೆ, ಪಟಾಕಿ ಹೊಡೆದ ಮಾರನೆಯ ಬೆಳಗಿನ ಹಾಗೆ. ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕೊಂಬು ಕೈಯಲ್ಲೇ ಉಳಿಯಿತು. ಅಂಗಡಿಯವನು, "ಅಮ್ಮಾ, ಕೊಂಬು ಎಷ್ಟು ತೂಗ್ಲಿ?" ಎಂದು ಕೇಳುತ್ತಲೇ ಇದ್ದನಂತೆ. ನಾನು ಆಗ ಅಲ್ಲಿರಲಿಲ್ಲ. ನಮ್ಮ ಹಿತ್ತಿಲಲ್ಲಿದ್ದೆ, ಆ ಒಂದು ಮಾಗಿಯಲ್ಲಿದ್ದೆ.

ನಮ್ಮೂರ ಕೆರೆಯಲ್ಲಿ ಆಗಲೂ ಬೋಟು ಓಡುತ್ತಿತ್ತು. ಮದ್ದೂರಿನ ಸಾಹುಕಾರರೊಬ್ಬರು ಗುತ್ತಿಗೆ ಹಿಡಿದು ಬೋಟು ಬಿಟ್ಟಿದ್ದರು. ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಬಂದವರು, ಮುತ್ತತ್ತಿಗೆ ಹೋಗುವವರು ಹಾದಿಯಲ್ಲಿ ಇಳಿದು ಒಂದು ಸುತ್ತು ಹೋಗಿಬರುತ್ತಿದ್ದರು. ಓಡಿಸುತ್ತಿದ್ದವರು ಇಬ್ಬರು. ಒಬ್ಬರು ನಮ್ಮ ಮನೆಯವರು. ಇನ್ನೊಬ್ಬ ಸಿದ್ದು. ಸಿದ್ದು ಊರಾಚೆ ಕಾಲೋನಿಯವನು. ಸೈಕಲ್ಲೂ ಬಾರದಿದ್ದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೋಟು ಕಲಿಸಿದವರು ನಮ್ಮ ಮನೆಯವರೇ. ಇಬ್ಬರೂ ಕೆರೆಯ ಮೇಲೆ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಮನೆಗೆ ಬಂದಾಗ ಮಾತ್ರ ಸಿದ್ದುವಿಗೆ ಕಾಫಿ ಹಿತ್ತಿಲ ಕಡೆಯ ಜಗಲಿಯ ಗೂಡಿನಲ್ಲಿಟ್ಟಿದ್ದ ಬೇರೆ ಲೋಟದಲ್ಲಿ. ಅದು ನಮ್ಮತ್ತೆ ಇಟ್ಟಿದ್ದ ಕ್ರಮ. ನಾನು ಸೊಸೆಯಾಗಿ ಬರುವುದಕ್ಕೆ ಮೊದಲೇ ಆ ಲೋಟ ಅಲ್ಲಿತ್ತು.

ನಾಲೆಗೆ ನೀರು ಬಿಡುವುದು ನಿಂತು ಕೆರೆ ತಗ್ಗುತ್ತಿದ್ದ ಹಾಗೆ, ಮಾಗಿಯ ಚಳಿಯಲ್ಲಿ, ಬೋಟಿಗೆ ಬಿಡುವು. ಹೊಸ ನೀರು ಬರುವ ತನಕ ಎಂಜಿನನ್ನು ಕಾಪಾಡಿ ಇಡಬೇಕು. ಆ ಕೆಲಸ ಪ್ರತಿವರ್ಷ ನಮ್ಮ ಹಿತ್ತಿಲಲ್ಲೇ ಆಗುತ್ತಿತ್ತು. ಬೋಟಿನ ಎಂಜಿನ್ ನೋಡದವರಿಗೆ ಹೇಳುತ್ತೇನೆ. ಮೇಲೆ ಒಂದು ದಪ್ಪ ತಲೆ, ಕೆಳಗೆ ಉದ್ದನೆಯ ಒಂಟಿ ಕಾಲು. ಆ ಕಾಲಿನ ಪಾದದಲ್ಲಿ ತೆಂಗಿನಕಾಯಿ ಗಾತ್ರದ ಗೇರುಬಾಕ್ಸು. ಅದರ ಹಿಂದೆ ನೀರು ಕಡೆಯುವ ಫ್ಯಾನು. ಮೊದಲು ನೀಲಿ ಡ್ರಮ್ಮಿಗೆ ಬೋರಿನ ನೀರು ತುಂಬಿ, ಕಾಲನ್ನು ಅದರಲ್ಲಿ ಇಳಿಬಿಟ್ಟು, ಎಂಜಿನ್ ಓಡಿಸಬೇಕು. ಒಳಗಿನ ಕೆರೆಯ ಕೆಸರೆಲ್ಲ ತೊಳೆದುಹೋಗುತ್ತದೆ. ಆಮೇಲೆ ಮರದ ಸ್ಟ್ಯಾಂಡಿಗೆ ನೆಟ್ಟಗೆ ನಿಲ್ಲಿಸಬೇಕು. ಮಲಗಿಸಕೂಡದು, ಮಲಗಿಸಿದರೆ ನೀರು ಒಳಗೇ ನಿಲ್ಲುತ್ತದೆ. ಕೊನೆಗೆ ಗೇರುಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿ ಹಳೆಯ ಆಯಿಲು ಬಸಿದು, ಹೊಸದು ತುಂಬಿ, ಗ್ರೀಸು ಹಚ್ಚಿ, ನನ್ನ ಹಳೆಯ ಸೀರೆ ಸುತ್ತಿಟ್ಟರೆ ಮುಗಿಯಿತು. ಆಮೇಲೆ ನಾಲ್ಕಾರು ದಿನ ನಮ್ಮ ಮನೆಯ ಸಾರಿಗೂ ಆಯಿಲಿನ ವಾಸನೆ.

"ಈ ಸೀಮೆಣ್ಣೆ ಗಬ್ಬುನ್ನ ಮನೇಗ್ ತಂದು ಮಡಗ್ತೀಯಲ್ಲೋ, ದೇವ್ರು ಒಳೀಕ್ ಬತ್ತನಾ?" ಎಂದು ನಮ್ಮತ್ತೆ ಬೈಯುವರು. ಬೈದವರೇ ಸ್ಟ್ಯಾಂಡಿನ ಬುಡಕ್ಕೆ ಒಂದು ಎಳೆ ರಂಗೋಲಿ ಬಿಡುವರು. ಆ ಎಂಜಿನ್ನಿನ ಮೇಲೆ ಅವರಿಗೆ ಭಯವೂ ಇತ್ತು, ಭಕ್ತಿಯೂ ಇತ್ತು. ಅವರ ಹಿರಿಯ ಮಗ, ನಮ್ಮ ಭಾವ, ನಾಲೆಯಲ್ಲಿ ಮುಳುಗಿ ಹೋದವರು. ಉಳಿದ ಮಗನೂ ನೀರಿನ ಮೇಲಿನ ಕೆಲಸಕ್ಕೇ ಹೋದದ್ದು ಅವರ ಹೊಟ್ಟೆಯೊಳಗಿನ ಮುಳ್ಳು. ಹಾಗಾಗಿ ಆಯುಧಪೂಜೆಯ ದಿನ ಕೆರೆಯ ದಡಕ್ಕೆ ತಾವೇ ಬಂದು, ಎಂಜಿನ್ನಿಗೆ ಕಂಕಣ ಕಟ್ಟಿ, ನಿಂಬೆಹಣ್ಣು ಇಡದೆ ಹಿಂತಿರುಗುತ್ತಿರಲಿಲ್ಲ.

ಆ ವರ್ಷ ಧನುರ್ಮಾಸದಲ್ಲಿ ಎಂಜಿನ್ ಮನೆಗೆ ಬಂತು. ಹೊಸ ಆಯಿಲು ತರಲು ಸಿದ್ದು ಮದ್ದೂರಿಗೆ ಹೋಗಿದ್ದ. ನಮ್ಮತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಬಾಣಲೆ ಹಿಡಿದು ಕೂತಿದ್ದೆ, ಇವರು ಸ್ಕ್ರೂ ಬಿಚ್ಚಿದರು. ಬರಬೇಕಾದದ್ದು ಜೋನಿಬೆಲ್ಲದ ಬಣ್ಣದ ಆಯಿಲು. ಬಂದದ್ದು ಹಾಲು ಹೆಚ್ಚಾದ ಟೀ.

"ನೀರು," ಎಂದರು ಇವರು. ಅಷ್ಟೇ. ಮುಖ ಕಪ್ಪಿಟ್ಟಿತು.

ಗೇರಿನೊಳಗೆ ನೀರು ಹೋಗಿತ್ತು. ಹಾಗೇ ಮುಚ್ಚಿಟ್ಟಿದ್ದರೆ ಹಲ್ಲುಚಕ್ರಗಳು ತುಕ್ಕು ಹಿಡಿದು, ಮುಂದಿನ ಸಲ ಜನ ಕೂರಿಸಿಕೊಂಡು ಕೆರೆಯ ನಡುವೆ ಹೋದಾಗ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಮುಚ್ಚುವ ಮುಂಚೆ ಕಂಡಿತಲ್ಲ, ಸದ್ಯ, ಎಂದು ನಾನು ಮನಸ್ಸಿನಲ್ಲೇ ಮುತ್ತತ್ತಿರಾಯನಿಗೆ ಕೈಮುಗಿದೆ. ಇವರು ಮುಗಿಯಲಿಲ್ಲ. ಪಿನ್ನು ಕಿತ್ತು, ನಟ್ಟು ಬಿಚ್ಚಿ, ಫ್ಯಾನು ಎಳೆದರು. ಅದರ ಹಿಂದೆ, ತಿರುಗುವ ಕಂಬಿಯ ಸುತ್ತ, ಒಂದು ದಾರ ಬಳೆಯ ಹಾಗೆ ಬಿಗಿದು ಸುತ್ತಿಕೊಂಡಿತ್ತು. ಕೆಸರು ಮೆತ್ತಿ ಕಪ್ಪಾಗಿತ್ತು. ನೀರು ತಡೆಯಲೆಂದು ಅಲ್ಲಿರುವ ರಬ್ಬರ್ ಸೀಲಿನ ತುಟಿ ಅದು ಕೊರೆದು ಹರಿದುಹೋಗಿತ್ತು. ಬ್ಲೇಡಿನಲ್ಲಿ ಕೊಯ್ದು ಕೈಗೆತ್ತಿಕೊಂಡು ಉಜ್ಜಿ ನೋಡಿದರು.

"ನೈಲಾನು. ಬಲೆ ದಾರ. ನಾನ್ ಅವತ್ತೇ ಅನ್ಕಂಡೆ."

ಅವತ್ತು ಎಂದರೆ ದೀಪಾವಳಿಯ ಹೊತ್ತಿನದು. ಸಿದ್ದು ಬೋಟು ಓಡಿಸುತ್ತಿದ್ದಾಗ ಮೀನುಗಾರರು ಬಲೆ ಕಟ್ಟುವ ಮೂಲೆಯ ಹತ್ತಿರ ಎಂಜಿನ್ ಒಂದು ಸಲ ತಿಣುಕಿತ್ತು. ಬಲೆಯ ಮೇಲೆ ಹಾಯಿಸಿದೆಯಾ ಎಂದು ಇವರು ಕೇಳಿದ್ದಕ್ಕೆ, ಇಲ್ಲ ಎಂದಿದ್ದ. ಅದು ಇವರ ಮನಸ್ಸಿನಲ್ಲಿ ಕೂತಿತ್ತು.

ನಮ್ಮ ಮನೆಯವರ ಸಿಟ್ಟು ಒಲೆಯ ಮೇಲಿನ ಹಾಲಿನಂಥದು, ಉಕ್ಕುವಾಗ ಯಾರೂ ಹತ್ತಿರ ಇರುವುದಿಲ್ಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಸಾಹುಕಾರರಿಗೆ ಫೋನು ಮಾಡಿಯೇ ಬಿಟ್ಟಿದ್ದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು. "ನಾನ್ ಮೊದ್ಲೇ ಯೋಳ್ದೆ, ಆ ಕಾಲೋನಿ ಐಕ್ಳ ಕೈಗೆ ಎಂಜಿನ್ ಕೊಡ್ಬ್ಯಾಡ ಅಂತ. ನಾಳೆ ಒತ್ತಾರೆ ಬತ್ತೀನಿ. ಬೋಟ್ ಸೆಡ್ಡಿನ ಬೀಗದಕೈ ತಂದುಕೊಟ್ಟು ಮನೇಗ್ ಓಗು ಅನ್ನು ಅವನ್ಗೆ."

ಇವರು ಫೋನು ಇಟ್ಟರು. ಆ ಕೊನೆಯ ಮಾತು ಇವರೂ ನಿರೀಕ್ಷಿಸಿರಲಿಲ್ಲ ಎಂದು ನನಗೆ ಗೊತ್ತಾಯಿತು. ಆದರೆ ಬಾಯಿಂದ ಹೋದದ್ದು ಹೋಗಿತ್ತು.

ಸಿದ್ದು ಆಯಿಲಿನ ಡಬ್ಬ ಹಿಡಿದು ಹಾಡಿಕೊಂಡೇ ಬಂದ. "ಅಕ್ಕಾ, ಒಂದ್ ಕಾಪಿ ಇಕ್ಕು. ಮದ್ದೂರ್ ಬಸ್ಸಲ್ಲಿ ನಿಂತೂ ನಿಂತೂ ನನ್ ಕಾಲೂ ಈ ಎಂಜಿನ್ ಕಾಲಂಗೇ ಒಂಟಿಯಾಗೋಯ್ತು." ಯಾರೂ ನಗಲಿಲ್ಲ. ಇವರು ದಾರದ ಬಳೆಯನ್ನು ಅವನ ಮುಂದೆ ಎಸೆದರು.

"ಏನ್ಲಾ ಇದು?"

ಅವನು ಬಗ್ಗಿ ನೋಡಿದ. ಬಾಣಲೆಯಲ್ಲಿದ್ದ ಬಿಳಿ ಆಯಿಲನ್ನೂ ನೋಡಿದ. "ಅಣ್ಣ, ನಾನ್ ಬಲೆ ಮ್ಯಾಲೆ ಓಡ್ಸಿಲ್ಲ."

"ಇನ್ಯಾರು ಓಡ್ಸುದ್ರು? ದಾರ ತಾನಾಗೇ ಈಜ್ಕಂಡ್ ಬಂತಾ?"

"ಗೊತ್ತಿಲ್ಲ ಕಣಣ್ಣ. ಬಲೆ ಕಂಡ್ರೆ ಎಂಜಿನ್ ಎತ್ತಿ ಹುಟ್ಟುಗೋಲು ಆಕಂಡು ಓಗು ಅಂತ ನೀನೇ ಕಲ್ಸಿದ್ದು. ಅಂಗೇ ಓಗಿವ್ನಿ."

"ಸಾವ್ಕಾರ್ರು ನಾಳೆ ಬತ್ತವ್ರೆ. ಸೆಡ್ಡಿನ ಬೀಗದಕೈ ತತ್ತಾ ಅಂದವ್ರೆ."

ಸಿದ್ದು ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟ. ಅವನ ಹೆಂಡತಿ ಹಸಿಬಾಣಂತಿ. ಬೋಟಿನ ಕೆಲಸ ಬಿಟ್ಟರೆ ಕಬ್ಬು ಕಡಿಯುವವರ ಗುಂಪಿನ ಜೊತೆ ಊರೂರು ಅಲೆಯಬೇಕು. ಅದನ್ನೇನೂ ಅವನು ಹೇಳಲಿಲ್ಲ. "ನೀನೇ ಪೋನ್ ಮಾಡಿ ಯೋಳ್ದಾ ಅಣ್ಣ?" ಎಂದಷ್ಟೇ ಕೇಳಿದ. ಇವರು ಸ್ಟ್ಯಾಂಡಿನ ಕಡೆಗೆ ತಿರುಗಿಕೊಂಡರು. ನಾನು ಕಾಫಿ ತಂದು ನೋಡುವಷ್ಟರಲ್ಲಿ ಅವನು ಬೇಲಿ ದಾಟಿದ್ದ. ಗೂಡಿನ ಲೋಟ ಕೈಯಲ್ಲಿ ಸುಡುತ್ತಿತ್ತು.

ಗೇರಿನಲ್ಲಿ ನೀರಿಟ್ಟುಕೊಂಡು ಎಂಜಿನನ್ನು ಹಾಗೇ ಬಿಡುವಂತಿರಲಿಲ್ಲ. ಸೀಲು ಬರುವ ತನಕ ಒಳಗನ್ನು ಡೀಸೆಲ್ಲಿನಲ್ಲಿ ಜಾಲಿಸಿ ಒಣಗಿಸಲೇಬೇಕು. ಸಿದ್ದು ಹಿಡಿಯಬೇಕಾದ ಕಡೆ ನಾನು ಹಿಡಿದೆ. ಸ್ಟ್ಯಾಂಡು ಅಲುಗಿ ಅಷ್ಟು ಭಾರದ ಎಂಜಿನ್ ಒಂದು ಸಲ ನನ್ನ ಕಡೆಗೆ ವಾಲಿತು. ಇವರು ಎದೆಕೊಟ್ಟು ತಡೆದರು. ಕಾಲ ಮೇಲೆ ಬೀಳಲಿಲ್ಲ, ಅದೂ ಒಂದು ಪುಣ್ಯ. ಇಬ್ಬರೂ ಸೇರಿ ಕೆಲಸ ಮುಗಿಸಿದೆವು.

ಆಮೇಲೆ ಚಿಂದಿಬಟ್ಟೆ, ದಾರ ಎಲ್ಲ ಬಾಚಿಕೊಂಡೆ. ತಿಪ್ಪೆಗೆ ಎಸೆದರೆ ದನದ ಬಾಯಿಗೆ ಹೋಗುತ್ತದೆ, ಸುಟ್ಟುಬಿಡೋಣವೆಂದು ಬಚ್ಚಲೊಲೆಯ ಮುಂದೆ ಕೂತೆ. ಸಂಜೆ ದೀಪ ಹಚ್ಚುವ ಹೊತ್ತು. ಬಟ್ಟೆ ಉರಿಯಿತು. ದಾರದ ಬಳೆಯನ್ನು ಉರಿಗೆ ಹಿಡಿದಾಗ ಅದರ ಕೊಯ್ದ ಮೈ ಕಂಡಿತು. ಹೊರಗೆ ಕಪ್ಪು, ಒಳಗೆ ಹಳದಿ.

ಕೈ ಹಿಂದಕ್ಕೆ ಎಳೆದುಕೊಂಡೆ. ನನ್ನ ಕೈಬಳೆಗೆ ಸಿಕ್ಕಿಸಿದ್ದ ಸೇಫ್ಟಿಪಿನ್ನು ತೆಗೆದು ದಾರದ ಸುತ್ತು ಬಿಡಿಸಿದೆ. ನೈಲಾನಿನ ಜೊತೆಗೆ ಹೊಸೆದ ಹತ್ತಿ ನೂಲು. ನಡುವೆ ಅರೆದುಹೋದ ಒಂದು ಚೂರು. ಉಗುರಿನಲ್ಲಿ ಮುರಿದರೆ ಒಳಗೆ ಅರಿಸಿನ, ಅಷ್ಟು ದಿನ ನೀರಲ್ಲಿದ್ದರೂ ಅರಿಸಿನ. ಪಕ್ಕದಲ್ಲಿ ಮೂರು ಸುತ್ತಿನ ಗಂಟು. ಆ ಗಂಟು ನಮ್ಮ ಮನೆಯಲ್ಲಿ ಒಬ್ಬರಿಗೇ ಬರುವುದು.

ನವರಾತ್ರಿಯಲ್ಲಿ ನಮ್ಮತ್ತೆ ತೊಡೆಯ ಮೇಲೆ ಕಂಕಣದ ನೂಲು ಹೊಸೆಯುತ್ತಾ, ಹಳೆಯ ಬಲೆಯ ಒಂದೆಳೆಯನ್ನು ಅದಕ್ಕೆ ಸೇರಿಸಿದ್ದು ನೆನಪಾಯಿತು. "ನೀರಲ್ಲಿರೋದು ಕಣಮ್ಮಿ, ಬರೀ ನೂಲು ಕೊಳ್ತೋಯ್ತದೆ" ಎಂದಿದ್ದರು. ಪೂಜೆಯ ದಿನ ಎಲ್ಲರ ಮುಂದೆ ಎಂಜಿನ್ನಿನ ಹಿಡಿಗೆ ಒಂದು ಕಂಕಣ ಕಟ್ಟಿದ್ದರು. ನಾವು ಹೊರಟಾಗ, "ಫ್ಯಾನಿಗೂ ಒಸಿ ಕುಂಕುಮ ಇಕ್ಬುಟ್ಟು ಬತ್ತೀನಿ, ನಡೀರಿ" ಎಂದು ಒಬ್ಬರೇ ಹಿಂದೆ ಉಳಿದಿದ್ದರು.

ನಾನು ಒಲೆಯ ಮುಂದಿನಿಂದ ಎದ್ದು ಬಂದು ಇವರ ಅಂಗೈಗೆ ಆ ಚೂರು ಇಟ್ಟೆ. ಅವರಿಗೆ ಹೇಳಬೇಕಾಗಿರಲಿಲ್ಲ. ಜಗಲಿಯಲ್ಲಿ ನಮ್ಮತ್ತೆ ಅವರೆಕಾಳು ಹಿದುಕುತ್ತಾ, ಯಾವುದೋ ದೇವರ ಪದ ಗುನುಗುತ್ತಿದ್ದರು.

"ಅವ್ವುಂಗ್ ಯೋಳ್ಬ್ಯಾಡ," ಎಂದರು ಇವರು ಪಿಸುದನಿಯಲ್ಲಿ. "ಅಣ್ಣ ಓದಾಗ ಎಷ್ಟು ದಿನ ಅನ್ನ ಬುಟ್ಟಿದ್ಲು, ನಿಂಗೊತ್ತಿಲ್ಲ. ನನ್ನ ಕಾಯ್ಲಿ ಅಂತ ಕಟ್ಟಿದ್ದು ಅದು. ಅದ್ರಿಂದ್ಲೇ ಬೋಟು ನಡುನೀರಲ್ಲಿ ನಿಲ್ತಿತ್ತು ಅಂದ್ರೆ ಅವಳು ಉಳಿಯಾಕಿಲ್ಲ."

"ಸಿದ್ದು?"

"ಅವನ್ಗೆ ಬ್ಯಾರೆ ಕೆಲ್ಸ ನಾನೇ ನೋಡ್ತೀನಿ. ಸುಮ್ಕಿರು."

"ಎಂಜಿನ್ ಕೆಡಿಸ್ದೋನು ಅನ್ನುಸ್ಕೊಂಡೋನ್ಗೆ ಯಾರು ಕೆಲ್ಸ ಕೊಡ್ತಾರೆ? ನಾಳೆ ಒತ್ತಾರೆ ಗುಡೀಲಿ ನಾನು ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಿ?"

"ಲೇ, ನಿನ್ ದ್ಯಾವ್ರಿಗೆ ಯೋಳು, ನಂಗೆ ನಮ್ಮವ್ವನೂ ಒಬ್ಳು ಅವ್ಳೆ ಅಂತ," ಎಂದು ಎದ್ದು ಹೋದರು. ಚೂರನ್ನೂ ದಾರವನ್ನೂ ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಆ ರಾತ್ರಿ ಹಿದುಕಬೇಳೆ ಸಾರು ಯಾರಿಗೂ ರುಚಿಸಲಿಲ್ಲ, ನಮ್ಮತ್ತೆಯೊಬ್ಬರಿಗೆ ಬಿಟ್ಟು.

ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಗುಡಿಗೆ ಹೋಗುವುದು ನನ್ನ ರೂಢಿ. ಅವತ್ತು ಮಂಜು ಎಷ್ಟು ಕವಿದಿತ್ತೆಂದರೆ ಮುಂದೆ ನಡೆಯುವವರ ಚಪ್ಪಲಿ ಸದ್ದು ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ. ಮಂಗಳಾರತಿ ಆಯಿತು. ಏನು ಬೇಡಬೇಕೆಂದು ತಿಳಿಯಲಿಲ್ಲ. ಸಿದ್ದುವನ್ನು ಉಳಿಸು ಎಂದರೆ ಅತ್ತೆಗೆ ಪೆಟ್ಟು, ಅತ್ತೆಯನ್ನು ಉಳಿಸು ಎಂದರೆ ಸಿದ್ದುವಿಗೆ. ಕೊನೆಗೆ, ನನ್ನಿಂದ ಆಗದು, ನೀನೇ ನೋಡಪ್ಪ ಎಂದು ಬಿಸಿ ಹುಗ್ಗಿಯ ಎಲೆ ಹಿಡಿದು ಹಿಂತಿರುಗಿದೆ.

ಇವರು ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನಿದ್ದೆ ಮಾಡಿದ ಮುಖವಲ್ಲ. ಕೈ ಚಾಚಿದರು. "ಆ ದಾರ ಎಲ್ಲಿ? ಕೊಡು."

ಬಚ್ಚಲೊಲೆ ಆಗಲೇ ಉರಿಯುತ್ತಿತ್ತು. ನನ್ನ ಕೈ ಸೆರಗನ್ನು ಬಿಗಿಹಿಡಿಯಿತು. "ಯಾಕೆ?"

"ಕೊಡು ಅಂದ್ನಲ್ಲ."

ಅಷ್ಟರಲ್ಲಿ ಬೀದಿಯಲ್ಲಿ ಸಾಹುಕಾರರ ಕಾರಿನ ಹಾರನ್ನು ಕೇಳಿತು. ಗಂಟು ಬಿಚ್ಚಿ ಕೊಟ್ಟೆ. ಇವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಏನು ಮಾಡುತ್ತಾರೋ ನನಗೆ ತಿಳಿಯಲಿಲ್ಲ.

ಸಾಹುಕಾರರು ಹಿತ್ತಿಲಿಗೆ ಬಂದು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಹಿಂದೆಯೇ ಸಿದ್ದು ಬಂದ. ಶೆಡ್ಡಿನ ಬೀಗದಕೈಯನ್ನು ಜಗಲಿಯ ಅಂಚಿಗಿಟ್ಟು ದೂರ ನಿಂತ. ನಮ್ಮತ್ತೆ ಕಂಬಕ್ಕೆ ಒರಗಿ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ.

"ಏನಯ್ಯಾ, ಕೆರೆ ಅಷ್ಟಗಲ ಅದೆ, ನಿಂಗೆ ಬಲೆ ಮ್ಯಾಲೇ ಓಗ್ಬೇಕಾಗಿತ್ತಾ?" ಎಂದರು ಸಾಹುಕಾರರು. "ನೀನು ಈ ಕಡೆ ತಲೆ ಆಕ್ಬ್ಯಾಡ ಇನ್ಮ್ಯಾಕೆ."

ಸಿದ್ದು ನೆಲ ನೋಡುತ್ತಿದ್ದ. ಇವರು ಗಂಟಲು ಸರಿಮಾಡಿಕೊಂಡರು. ಸಾಹುಕಾರರು ಬೀಗದಕೈ ತೆಗೆದುಕೊಂಡು ಹೊರಡಲು ತಿರುಗಿದರು. ಆಗ ಇವರ ಕೈ ಜೇಬಿಗೆ ಹೋಯಿತು.

"ಸಾವ್ಕಾರ್ರೆ, ನಿಂತ್ಕಳಿ. ಸಿದ್ದು ತಪ್ಪಲ್ಲ. ಇದು ಬಲೆ ದಾರ ಅಲ್ಲ." ಅಂಗೈ ಬಿಚ್ಚಿ ಹಿಡಿದರು. "ಇದು ನಮ್ಮನೇದು. ಇದ..."

ಜಗಲಿಯ ಮೇಲಿಂದ ನಮ್ಮತ್ತೆ ಕತ್ತು ಚಾಚಿದರು.

"ಏನ್ಲಾ ಅದು? ತತ್ತಾ ಇಲ್ಲಿ."

ಇವರು ಅಲುಗಲಿಲ್ಲ. ನಮ್ಮತ್ತೆಯೇ ಮಂಡಿ ಹಿಡಿದುಕೊಂಡು ಇಳಿದು ಬಂದರು, ಮಗನ ಅಂಗೈಯಿಂದ ದಾರ ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಗಂಟನ್ನು ಹೆಬ್ಬೆರಳಲ್ಲಿ ಸವರಿದರು. ಮುಖ ಅರಳಿತು.

"ಅಯ್ಯೋ, ನನ್ ಕಂಕಣ ಅಲ್ವೇನ್ಲಾ ಇದು! ಫ್ಯಾನಿಗೆ ಕಟ್ಟಿದ್ದು! ಇನ್ನೂ ಅಂಗೇ ಅದಾ?" ಸಾಹುಕಾರರ ಮುಖದ ಮುಂದೆ ಅದನ್ನು ಆಡಿಸಿದರು. "ನೋಡಪ್ಪ, ಇವರೆಲ್ಲ ಹಿಡೀಗ್ ಕಟ್ಟು, ಹಿಡೀಗ್ ಕಟ್ಟು ಅಂತಾರೆ. ಹಿಡಿ ಏನ್ ಗೇಯ್ತದೆ? ನೀರಲ್ಲಿ ಗೇಯೋದು ಫ್ಯಾನು. ಅದ್ಕೇ ನೈಲಾನ್ ಕೂಡುಸಿ ಹೊಸೆದ್ ಕಟ್ದೆ. ಅಷ್ಟು ತಿರುಗಿದ್ರೂವೆ ಗಂಟು ಬುಟ್ಟಿಲ್ಲ ನೋಡು! ನನ್ ಮಗುನ್ನೂ ಕಾದದೆ, ಬೋಟ್ನೂ ಕಾದದೆ."

ಸಾಹುಕಾರರು ದಾರ ನೋಡಿದರು, ಕಳಚಿಟ್ಟ ಫ್ಯಾನು ನೋಡಿದರು. ಅವರಿಗೆ ಅರ್ಥವಾಯಿತು. ಬಾಯಿ ತೆರೆದರು. ಇನ್ನೊಂದು ಮಾತು ಬಿದ್ದಿದ್ದರೆ ನಮ್ಮತ್ತೆ ಅಲ್ಲೇ ಕುಸಿಯುತ್ತಿದ್ದರು.

ಆ ಮಾತನ್ನು ತಡೆದವನು ಸಿದ್ದು. ಎರಡು ಹೆಜ್ಜೆ ಮುಂದೆ ಬಂದು, "ಊಂ ಕಣವ್ವ," ಎಂದ. "ನೀನ್ ಕಟ್ದೇ ಅಂದ್ರೆ ಯಮನ್ಗೂ ಬಿಚ್ಚಾಕಾಗಾಕಿಲ್ಲ. ಅಣ್ಣ ಬ್ಲೇಡ್ ಇಕ್ಕಿ ಕುಯ್ದವ್ನೆ, ಅದ್ಕೇ ಬಂತು."

"ಕುಯ್ದನಾ! ಪಾಪಿ ಮುಂಡೇದೆ, ಕಂಕಣ ಕುಯ್ತಾರೇನ್ಲಾ?" ಎಂದು ನಮ್ಮತ್ತೆ ಮಗನ ತೋಳಿಗೆ ಒಂದು ಕೊಟ್ಟರು. ಇವರು ಹೊಡೆಸಿಕೊಂಡರು. ಕಣ್ಣಲ್ಲಿ ನೀರಿತ್ತು, ಅದು ಪೆಟ್ಟಿಗಲ್ಲ.

ಸಾಹುಕಾರರು ಮುಖ ಒರೆಸಿಕೊಂಡರು. "ಆಯ್ತು ಬುಡಜ್ಜಿ. ಸೀಲು ಸವ್ದೋಗ್ಯದೆ, ಹೊಸ್ದು ಮೈಸೂರಿಂದ ತರುಸ್ತೀನಿ" ಎಂದು ಬೀಗದಕೈಯನ್ನು ಇದ್ದಲ್ಲಿಗೇ ಇಟ್ಟರು. ಕಾಲೋನಿಯ ಹುಡುಗರ ಬಗ್ಗೆ ಹಿಂದಿನ ದಿನ ಆಡಿದ್ದ ಮಾತನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಅಷ್ಟನ್ನು ನಾನು ನಿರೀಕ್ಷಿಸಿಯೂ ಇರಲಿಲ್ಲ. ಕಾಫಿ ಕೊಡುವಾಗ ಗೂಡಿನ ಲೋಟ ತರಲು ನನಗೆ ಕಾಲು ಬರಲಿಲ್ಲ. ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಲೋಟಗಳಲ್ಲೇ ಎಲ್ಲರಿಗೂ ತಂದೆ. ನಮ್ಮತ್ತೆ ನೋಡಿದರು. ಏನೂ ಅನ್ನಲಿಲ್ಲ. ಅವತ್ತಿನ ಪುಣ್ಯಗಳಲ್ಲಿ ಅದನ್ನೂ ಸೇರಿಸಿಕೊಂಡೆ.

ಸೀಲು ಬಂದ ದಿನ ಇಬ್ಬರೂ ಸೇರಿ ಕೂಡಿಸಿದರು. ಗೇರುಬಾಕ್ಸಿಗೆ ಆಯಿಲನ್ನು ಮೇಲಿಂದ ಸುರಿಯುವುದಿಲ್ಲ. ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಉಕ್ಕುವ ತನಕ ಏರಿಸುತ್ತಾರೆ. ಒಳಗೆ ಗಾಳಿ ಉಳಿಯಬಾರದು. ಸಿದ್ದು ಕೆಳಗೆ ಕೂತು ಒತ್ತುತ್ತಿದ್ದ, ಇವರು ಮೇಲೆ ಕಣ್ಣಿಟ್ಟಿದ್ದರು.

"ಅಣ್ಣ, ಪೋನ್ ಮಾಡಾಕ್ ಮುಂಚೆ ನನ್ನ ಒಂದ್ ಮಾತ್ ಕೇಳ್ಬೋದಾಗಿತ್ತು," ಎಂದ ಸಿದ್ದು, ತಲೆ ಎತ್ತದೆ.

"ಕೇಳ್ಬೋದಾಗಿತ್ತು ಕಣ್ಲಾ." ಮೇಲಿನ ತೂತಿಗೆ ಬಗ್ಗಿ, "ಒತ್ತು. ಬತ್ತಾ ಅದೆ."

ಮೇಲಿನ ತೂತಿನಲ್ಲಿ ಆಯಿಲು ಉಕ್ಕಿತು. ಹೊಸ ಜೇನಿನ ಬಣ್ಣ. ನಾನು ನನ್ನ ಹಳೆಯ ಸೀರೆ ತಂದು ಎಂಜಿನ್ನಿಗೆ ಸುತ್ತಿದೆ.

ಮರುವರ್ಷ ಆಯುಧಪೂಜೆಗೆ ನಮ್ಮತ್ತೆ ಮತ್ತೆ ನೈಲಾನು ಸೇರಿಸಿಯೇ ಕಂಕಣ ಹೊಸೆದರು. ತಡೆಯಲು ಯಾರಿಗೆ ಬಾಯಿ? ಕೆರೆಯ ದಡದಲ್ಲಿ ಅವರು ಫ್ಯಾನಿನ ಕಡೆಗೆ ಬಗ್ಗುತ್ತಿದ್ದ ಹಾಗೆ ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಸಿದ್ದು ಅಡ್ಡ ಬಂದು ಮೊಣಕಾಲೂರಿ ಕೂತ. ಬಲಗೈ ಮುಂದೆ ಚಾಚಿದ.

"ಅವ್ವ, ಫ್ಯಾನ್ ತಿರುಗ್ಸೋದು ಈ ಕೈ ಕಣವ್ವ. ಇದ್ಕೆ ಕಟ್ಬುಡು."

ನಮ್ಮತ್ತೆಯ ಕೈ ಅರ್ಧದಲ್ಲಿ ನಿಂತಿತು. ಅವರ ಬೆರಳು ಕಾಲೋನಿಯವರ ಮೈ ಮುಟ್ಟಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. ಕೆರೆಯ ನೀರು ಬೋಟಿನ ಪಕ್ಕೆಗೆ ತಟ್ಟುತ್ತಿತ್ತು. ದಾರ ಗಾಳಿಗೆ ಆಡುತ್ತಿತ್ತು. ಆಮೇಲೆ ಅವರು ಅವನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಮೂರು ಸುತ್ತು ಸುತ್ತಿ, ಗಂಟು ಹಾಕಿ, ಹಲ್ಲಿನಲ್ಲಿ ಕಚ್ಚಿ ದಾರ ಕಡಿದರು.

"ಬಿಗಿಯಾಯ್ತೇನ್ಲಾ?"

"ಇರ್ಲಿ ಬುಡವ್ವ."

"ಇರ್ತದೆ. ಅದು ಬುಡೋ ಗಂಟಲ್ಲ," ಎಂದರು.

ನಮ್ಮತ್ತೆ ಈಗಿಲ್ಲ. ಕೊನೆಯ ತನಕ ಅವರಿಗೆ ಆ ಸೀಲಿನ ಸಂಗತಿ ತಿಳಿಯಲಿಲ್ಲ. ಆ ಮೂರು ಸುತ್ತಿನ ಗಂಟು ನನಗೂ ಬರುತ್ತದೆ, ಅವರೇ ಕಲಿಸಿದ್ದು. ಮೊನ್ನೆ ಹಲಗೂರಿನ ಅಂಗಡಿಯವನು ಮೂರನೆಯ ಸಲ ಕೂಗಿದಾಗ ಎಚ್ಚರಗೊಂಡು, ಕೊಂಬು ತೂಗಿಸಿ, ನೂಲಿನ ಉಂಡೆ ಆರಿಸಿ, "ನೈಲಾನ್ ದಾರಾನೂ ಒಂದಿಷ್ಟು ಕೊಡಪ್ಪ" ಎಂದೆ.

"ಕಂಕಣಕ್ಕೆ ನೈಲಾನ್ ಯಾಕಮ್ಮ?" ಎಂದು ಅವನು ನಕ್ಕ.

"ನಮ್ಮ ಸಿದ್ದು ಕೈ ಯಾವಾಗ್ಲೂ ನೀರಲ್ಲೇ ಇರ್ತದೆ ಕಣಪ್ಪ," ಎಂದೆ. "ಬರೀ ನೂಲು ಕೊಳ್ತೋಯ್ತದೆ."